ಶಹಾಪುರದ ತಂಗಿಗೆ: ಕೈಕೆಲಸ ನಿನಗೆ ಬರುತ್ತೆ, ಬಾಯಿ ಬಿಡೋದು ಕಲಿ

ತಂಗಿ, ನಿನ್ನ ಪ್ರಶ್ನೆ ಓದಿದೆ. ಊರು ಶಹಾಪುರ, ಕಲಬುರಗಿಯಲ್ಲಿ ಬಿಎಸ್ಸಿ ನರ್ಸಿಂಗ್, ಅಲ್ಲೇ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಮೂರು ವರ್ಷ. ನಾನಿರುವ ಇಂಗ್ಲೆಂಡಿಗೆ ನರ್ಸ್ ಆಗಿ ಬರಬೇಕು ಅಂತ ಆಸೆ. ಏಜೆಂಟ್ ಆರು ಲಕ್ಷ ಕೇಳುತ್ತಿದ್ದಾನೆ. ಕೊಡಲಾ, ಪರೀಕ್ಷೆ ಕಷ್ಟಾನಾ, ಗಂಡ ಬರಬಹುದಾ, ರೊಟ್ಟಿ ಸಿಗುತ್ತಾ. ಇಷ್ಟೇ ಅಲ್ವಾ ನೀನು ಕೇಳಿದ್ದು?

ಮೊದಲು ಆರು ಲಕ್ಷದ ಮಾತು. ಕೊಡಬೇಡ. ಕೆಲಸ ಕೊಡಿಸಿದ್ದಕ್ಕೆ ನರ್ಸ್ ಕೈಯಿಂದ ಏಜೆನ್ಸಿ ದುಡ್ಡು ತೆಗೆದುಕೊಳ್ಳಬಾರದು ಅಂತ ಇಲ್ಲಿನ ನೇಮಕಾತಿ ಸಂಹಿತೆಯಲ್ಲೇ ಇದೆ. ಏಜೆನ್ಸಿಗೆ ಆಸ್ಪತ್ರೆ ಕೊಡುತ್ತದೆ. ನಮ್ಮ ದೇಶದಲ್ಲೂ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಅವನು "ಮೊದಲು ಕೇರರ್ (ವಯಸ್ಸಾದವರನ್ನು, ಕೈಲಾಗದವರನ್ನು ನೋಡಿಕೊಳ್ಳುವವಳು) ಆಗಿ ಹೋಗು, ಆಮೇಲೆ ನರ್ಸ್ ಆಗು" ಅಂದರೆ ಚಹಾ ಕುಡಿದು ಎದ್ದು ಬಾ. ಹೊರದೇಶದಿಂದ ಹೊಸದಾಗಿ ಕೇರರ್‌ಗಳನ್ನು ಕರೆಸುವ ದಾರಿ 2025ರ ಜುಲೈ 22ಕ್ಕೆ ಮುಚ್ಚಿದೆ.

ಇನ್ನು ಲೈಸೆನ್ಸ್. ಇಲ್ಲಿ ಅದನ್ನು ಕೊಡುವುದು ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್. ಎನ್‌ಎಂಸಿ ಅಂತೀವಿ. (ನಮ್ಮ ಡಾಕ್ಟರುಗಳ ಎನ್‌ಎಂಸಿ ಬೇರೆ, ಗೂಗಲ್ ಮಾಡುವಾಗ ಕಲಸಿಕೊಳ್ಳಬೇಡ.) ಬಿಎಸ್ಸಿನೇ ಆಗಬೇಕು ಅಂತಿಲ್ಲ, ಜಿಎನ್‌ಎಂ ಅಂದರೆ ನರ್ಸಿಂಗ್ ಡಿಪ್ಲೊಮಾ ಮಾಡಿದವರೂ ಬಂದಿದ್ದಾರೆ. ನೀನು ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿದ್ದೀಯ ಅಂತ ಬೆಂಗಳೂರಿನವರೇ ನೇರವಾಗಿ ಎನ್‌ಎಂಸಿಗೆ ತಿಳಿಸಬೇಕು. ನೀನು ಪತ್ರ ತಂದು ಕೊಟ್ಟರೆ ನಡೆಯದು.

ಇಲ್ಲೇ ನಾನು ಎಡವಿದ್ದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರಿನ ಒಂದೇ ಅಕ್ಷರ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಕೊನೆಗೆ. ನೋಂದಣಿ ಸರ್ಟಿಫಿಕೇಟಿನಲ್ಲಿ ಗಂಡನ ಮನೆತನದ ಹೆಸರು. ಒಬ್ಬಳೇ ನಾನು, ಮೂರು ಹೆಸರು. ಅದನ್ನು ಸರಿ ಮಾಡಿಸಲು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಎರಡು ಸಲ ಬೆಂಗಳೂರಿಗೆ ಹೋದೆ. ಐದು ತಿಂಗಳು ಹೋಯಿತು. ನಿನಗೆ ಒಂದು ಕಾಗದದಲ್ಲಿ ಗುಲ್ಬರ್ಗಾ ಜಿಲ್ಲೆ, ಇನ್ನೊಂದರಲ್ಲಿ ಯಾದಗಿರಿ ಜಿಲ್ಲೆ ಇದೆ ಅಂತ ಚಿಂತೆ. ಬಿಡು ಅದನ್ನು. ನನ್ನವೂ ಕೆಲವು ಗುಲ್ಬರ್ಗಾ, ಕೆಲವು ಕಲಬುರಗಿ ಇದ್ದವು, ಯಾರೂ ಕೇಳಲಿಲ್ಲ. ಹೆಸರು ಮಾತ್ರ ಅಕ್ಷರ ಅಕ್ಷರ ಹೊಂದಬೇಕು. ಪಾಸ್‌ಪೋರ್ಟಿನಲ್ಲಿ ಇದ್ದಂತೆ ಇಲ್ಲದಿದ್ದರೆ ಪರೀಕ್ಷೆಯ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.

ಇಂಗ್ಲಿಷ್‌ಗೆ ಎರಡರಲ್ಲಿ ಒಂದು ಪರೀಕ್ಷೆ: ಎಲ್ಲರೂ ಕೊಡುವ ಐಇಎಲ್‌ಟಿಎಸ್ ಅಥವಾ ಆಸ್ಪತ್ರೆ ಕೆಲಸದವರಿಗೇ ಇರುವ ಓಇಟಿ. ಐಇಎಲ್‌ಟಿಎಸ್ ಆದರೆ ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ 7, ಬರೆಯುವುದರಲ್ಲಿ 6.5. ನಾನು ಓಇಟಿ ಕೊಟ್ಟೆ, ನೀನೂ ಅದನ್ನೇ ಕೊಡು. ಅದರಲ್ಲಿ ಬರೆಯಬೇಕಾದದ್ದು ಒಬ್ಬ ಪೇಷಂಟ್ ಬಗ್ಗೆ ಪತ್ರ. ಮಾತಾಡಬೇಕಾದದ್ದೂ ಪೇಷಂಟ್ ಜೊತೆಗೇ. ಜಾಗತೀಕರಣದ ಬಗ್ಗೆ ಪ್ರಬಂಧ ಬರೆಯೋದಕ್ಕಿಂತ ಅದು ವಾಸಿ.

ಆಮೇಲೆ ಸಿಬಿಟಿ, ಕಂಪ್ಯೂಟರ್ ಪರೀಕ್ಷೆ, 83 ಪೌಂಡ್. 15 ಲೆಕ್ಕ, 100 ನರ್ಸಿಂಗ್ ಪ್ರಶ್ನೆ. ಹೈದರಾಬಾದಿಗೆ ಹೋಗಿ ಬರೆದು ಬಾ, ಬೆಂಗಳೂರಿಗಿಂತ ಹತ್ತಿರ. ಐಸಿಯು ನರ್ಸ್‌ಗೆ ಡ್ರಿಪ್ ಲೆಕ್ಕ ಹೇಳಿಕೊಡಬೇಕಾ?

ನಿಜವಾದ ಪರೀಕ್ಷೆ ಇಲ್ಲಿಗೆ ಬಂದ ಮೇಲೆ. ಆಸ್ಕಿ ಅಂತಾರೆ, ಕೆಲಸ ಮಾಡಿ ತೋರಿಸುವ ಪರೀಕ್ಷೆ, ಒಂದೊಂದು ಕೆಲಸಕ್ಕೆ ಒಂದೊಂದು ಸ್ಟೇಷನ್. ಹತ್ತು ಸ್ಟೇಷನ್, 794 ಪೌಂಡ್. ಒಬ್ಬ ಪೇಷಂಟನ್ನು ಪರೀಕ್ಷಿಸಿ, ಪ್ಲ್ಯಾನ್ ಬರೆದು, ಔಷಧಿ ಕೊಟ್ಟು, ಮುಂದಿನ ನರ್ಸ್‌ಗೆ ಒಪ್ಪಿಸುವ ತನಕ ನಾಲ್ಕು. ಕೈಕೆಲಸದವು ನಾಲ್ಕು. ಕೂತು ಬರೆಯುವವು ಎರಡು. ಮೊದಲ ಸಲ ನಾನು ಔಷಧಿ ಕೊಡುವ ಸ್ಟೇಷನ್‌ನಲ್ಲಿ ಫೇಲ್. ತಪ್ಪು ಮಾತ್ರೆ ಕೊಡಲಿಲ್ಲ. ಮಂಚದ ಮೇಲಿದ್ದವನ ಕೈಪಟ್ಟಿ ನೋಡಿದೆ, ಚಾರ್ಟ್ ನೋಡಿದೆ, ಅಲರ್ಜಿ ಏನಿದೆ ಅಂತಾನೂ ನೋಡಿದೆ. ಎಲ್ಲಾ ಕಣ್ಣಲ್ಲೇ. ಬಾಯಿ ಬಿಡಲಿಲ್ಲ. ಪರೀಕ್ಷಕಿಗೆ ನನ್ನ ತಲೆಯೊಳಗೆ ಆಗಿದ್ದು ಹೇಗೆ ಗೊತ್ತಾಗಬೇಕು? ಆ ಒಂದು ಸ್ಟೇಷನ್ ಮತ್ತೆ ಕೊಡಲು 397 ಪೌಂಡ್, ನನ್ನ ಜೇಬಿನಿಂದ. ಊರಿಗೆ ಫೋನ್ ಮಾಡಿ ರೂಪಾಯಿಯಲ್ಲಿ ಎಷ್ಟು ಅಂತ ಹೇಳಲಿಲ್ಲ.

ನಮ್ಮ ವಾರ್ಡ್ ನೆನಪು ಮಾಡಿಕೋ. ಬೆಡ್ ನಂಬರ್ ನೋಡಿ "ಅಜ್ಜಾ, ಬಾಯಿ ತೆಗಿ" ಅಂದರೆ ಮುಗೀತು. ಹೇಳುವುದು ಏನಾದರೂ ಇದ್ದರೆ ಪಕ್ಕದಲ್ಲಿ ನಿಂತ ಮಗನಿಗೆ ಹೇಳುತ್ತೇವೆ. ಚೀಟಿ ಹಿಡಿದು ಮೆಡಿಕಲ್‌ಗೆ ಓಡುವವನೂ ಅವನೇ. ಅಜ್ಜನನ್ನು ನಾವು ಏನೂ ಕೇಳುವುದಿಲ್ಲ. ಇಲ್ಲಿ ಅಜ್ಜನನ್ನೇ ಕೇಳಬೇಕು. ನಿಮ್ಮ ಹೆಸರು ಹೇಳಿ, ಹುಟ್ಟಿದ ದಿನ ಹೇಳಿ, ಯಾವ ಔಷಧಿ ಆಗಿಬರಲ್ಲ, ಬಿಪಿ ನೋಡಲಾ, ಪರದೆ ಎಳೆಯಲಾ. ಅವನು ಬೇಡ ಅಂದರೆ ಬೇಡ. ರೂಮ್‌ಮೇಟ್ ಕೋಟ್ಟಯಂ ಕಡೆಯ ಹುಡುಗಿ, ಅವಳು ದಿಂಬೊಂದನ್ನು ಮಂಚದ ಮೇಲೆ ಮಲಗಿಸಿ ಹೆಸರಿಟ್ಟಳು. ಎರಡು ವಾರ ಆ ದಿಂಬಿನ ಅಪ್ಪಣೆ ಕೇಳಿ ಕೇಳಿ ಬಿಪಿ ನೋಡಿದೆ. ನೀನು ಇವತ್ತಿನ ನೈಟ್ ಡ್ಯೂಟಿಯಿಂದಲೇ ಶುರು ಮಾಡು, ಕನ್ನಡದಲ್ಲೇ. ಜೊತೆಯವರು ನಗುತ್ತಾರೆ, ನಗಲಿ.

ಇನ್ನೊಂದು. ನಿನ್ನ ಕಣ್ಣು ಅಳತೆಗಳಿಗೆ ಹೊಂದಬೇಕು. ನನ್ನ ಮೊದಲ ವಾರದಲ್ಲಿ ಒಬ್ಬರ ಶುಗರ್ 11 ಅಂತ ತೋರಿಸಿತು. ಮೀಟರ್ ಕೆಟ್ಟಿದೆ ಅಂತ ಓಡಿಹೋಗಿ ಇನ್ನೊಂದು ತಂದೆ. ಅದೂ 11. ಇಲ್ಲಿ ಶುಗರ್ ಮಿಲಿಮೋಲ್‌ನಲ್ಲಿ, 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ. ಅಂದರೆ 198. ಜ್ವರ ಸೆಲ್ಸಿಯಸ್‌ನಲ್ಲಿ. ಡೋಲೋ, ಲಾಸಿಕ್ಸ್ ಅಂತ ಕಂಪನಿ ಇಟ್ಟ ಹೆಸರು ಹೇಳಿದರೆ ಚಾರ್ಟಿನಲ್ಲಿ ಸಿಗದು, ಪ್ಯಾರಾಸಿಟಮಾಲ್, ಫ್ಯೂರೋಸೆಮೈಡ್ ಅನ್ನಬೇಕು. ನ್ಯೂಸ್ ಟೂ ಅಂತ ಒಂದು ಚಾರ್ಟ್ ಇದೆ, ನಾಡಿ, ಉಸಿರು, ಬಿಪಿ ಎಲ್ಲಕ್ಕೂ ಅಂಕ. ಒಟ್ಟು 7 ಅಥವಾ ಅದಕ್ಕಿಂತ ಜಾಸ್ತಿ ಆಯಿತು ಅಂದರೆ ತಕ್ಷಣ ಡಾಕ್ಟರನ್ನು ಕರೆ. ಅದನ್ನು ಅಲ್ಲಿಂದಲೇ ಬಾಯಿಪಾಠ ಮಾಡಿಕೊಂಡು ಬಾ.

ಪಾಸಾದರೆ ಪಿನ್ ಬರುತ್ತದೆ, ಅದೇ ನಿನ್ನ ಲೈಸೆನ್ಸ್ ನಂಬರ್. ಪಿನ್ ಬರುವ ತನಕ ನೀನು ಇಲ್ಲಿ ನರ್ಸ್ ಅಲ್ಲ. ವೆಂಟಿಲೇಟರ್ ನೋಡಿದ ಕೈ ಹಾಸಿಗೆ ಹಾಸುತ್ತದೆ, ಮೈ ಒರೆಸುತ್ತದೆ, ತಿನ್ನಿಸುತ್ತದೆ. ಊರಲ್ಲಿ ಮನೆಯವರು ಮಾಡುವ ಕೆಲಸ. ಸಂಬಳವೂ ಕಡಿಮೆ. ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಆದರೆ ಮಾತು ಕಲಿತದ್ದು ಅಲ್ಲೇ. ಒಬ್ಬ ಅಜ್ಜಿ "ಸ್ಪೆಂಡ್ ಎ ಪೆನ್ನಿ" ಮಾಡಬೇಕು ಅಂದರು. ಏನೋ ಕೊಳ್ಳಬೇಕೇನೋ ಅಂತ ಅವರ ಪರ್ಸ್ ತೆಗೆದುಕೊಟ್ಟೆ. ಪಾಪ, ಅವರಿಗೆ ಬೇಕಿದ್ದದ್ದು ಬೆಡ್‌ಪ್ಯಾನ್. ಇದನ್ನು ಯಾವ ಕೋಚಿಂಗ್‌ನವರೂ ಹೇಳಿಕೊಡಲ್ಲ.

ಗಂಡ ಬರಬಹುದು. ಕೇರರ್‌ಗಳಿಗೆ 2024ರ ಮಾರ್ಚ್‌ನಿಂದ ಮನೆಯವರನ್ನು ಕರೆತರಲು ಬಿಡುತ್ತಿಲ್ಲ, ನರ್ಸ್‌ಗಳಿಗೆ ಆ ತಡೆ ಇಲ್ಲ. ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಶುಲ್ಕವೂ ಇಲ್ಲ, ಅದು ದೊಡ್ಡ ಉಳಿತಾಯ. ಆದರೆ ಐದು ವರ್ಷಕ್ಕೆ ಪಿಆರ್ (ಇಲ್ಲೇ ಕಾಯಂ ಇರುವ ಅನುಮತಿ) ಅಂತ ಬೆರಳು ಮಡಿಸಿ ಎಣಿಸುತ್ತಾ ಬರಬೇಡ, ಅದನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪ 2025ರಲ್ಲಿ ಬಂದಿದೆ. ನಾನು ಬಂದಾಗ ಇದ್ದಷ್ಟು ಹುದ್ದೆಗಳೂ ಈಗಿಲ್ಲ. ಹಾಗಾಗಿ ವೀಸಾಕ್ಕೆ ಬೇಕಾದ, ಇಲ್ಲಿನ ಆಸ್ಪತ್ರೆ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೈಗೆ ಬರುವ ತನಕ ಕಲಬುರಗಿ ಕೆಲಸ ಬಿಡಬೇಡ. ಅತ್ತೆ ಮನೆಯಲ್ಲಿ ತಾರೀಕನ್ನೂ ಹೇಳಬೇಡ.

ರೊಟ್ಟಿ ಕೇಳಿದ್ದೆಯಲ್ಲ. ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ, ಹಿಟ್ಟು ಹಳೆಯದು, ಅಂಚು ಒಡೆಯುತ್ತೆ. ಬಿಸಿನೀರು ಜಾಸ್ತಿ ಹಾಕಿ ನಾದಬೇಕು. ರಾತ್ರಿ ಡ್ಯೂಟಿ ಮುಗಿಸಿ ಬಂದು ಬೆಳಿಗ್ಗೆ ಒಂಬತ್ತಕ್ಕೆ ರೊಟ್ಟಿ ಬಡಿಯುತ್ತಿದ್ದೆ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿ, ಗೋಡೆ ಒಡೆಸುತ್ತಿದ್ದೀರಾ ಅಂತ ಕೇಳಿದರು. ಒಂದು ರೊಟ್ಟಿ ಕೊಟ್ಟು ಕಳಿಸಿದೆ. ಈಗ ಭಾನುವಾರ ಮಧ್ಯಾಹ್ನ ಮಾತ್ರ ಬಡಿಯುತ್ತೇನೆ.