ಡಬ್ಬಿಯ ಮಳೆ, ಕಟ್ಟೆಯ ನೀರು

ಪ್ರಶ್ನೆ: ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಸರಾಸರಿ, ಮಧ್ಯಾಂಕ, ಬಹುಲಕಗಳ ಸೂತ್ರಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆಯೇ ಹೊರತು ಅವು ಏಕೆ ಬೇಕೆಂಬುದು ಅವರಿಗೆ ತಿಳಿಯುತ್ತಿಲ್ಲ. ಮಳೆ, ಹವಾಮಾನದ ಅಂಕಿಅಂಶಗಳಿಂದ ಈ ಪಾಠ ಮಾಡಬಹುದೇ?
– ಗಣಿತ ಶಿಕ್ಷಕಿ, ಮಂಡ್ಯ

ಉತ್ತರ: ಖಂಡಿತ ಮಾಡಬಹುದು, ಶಾಲೆಯ ಅಂಗಳದಿಂದಲೇ ಆರಂಭಿಸಿ. ತಳ ಸಮತಟ್ಟಾಗಿದ್ದು ಮೇಲಿನಿಂದ ಕೆಳಗಿನವರೆಗೂ ಒಂದೇ ಅಗಲವಿರುವ ಡಬ್ಬಿಯೊಂದನ್ನು ಮರ, ಸೂರುಗಳಿಂದ ದೂರವಿಟ್ಟು, ದಿನವೂ ಒಂದೇ ಹೊತ್ತಿಗೆ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು, ಬರೆದು, ಡಬ್ಬಿಯನ್ನು ಬರಿದು ಮಾಡಲು ಮಕ್ಕಳಿಗೆ ಹೇಳಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ.

ಅಕ್ಟೋಬರಿನ 31 ದಿನಗಳಲ್ಲಿ 11 ದಿನ ಮಾತ್ರ ಮಳೆ ಬಂದು ಒಟ್ಟು 155 ಮಿ.ಮೀ. ಆಯಿತೆಂದು ಇಟ್ಟುಕೊಳ್ಳೋಣ. ಸರಾಸರಿ ದಿನಕ್ಕೆ 5 ಮಿ.ಮೀ. ಆದರೆ ಏರಿಕೆಯ ಕ್ರಮದಲ್ಲಿ ಬರೆದಾಗ ನಡುವೆ ಬರುವ ಹದಿನಾರನೆಯ ಬೆಲೆ, ಅಂದರೆ ಮಧ್ಯಾಂಕ, ಸೊನ್ನೆ. ಅತಿ ಹೆಚ್ಚು ಸಲ ಬರುವ ಬೆಲೆಯಾದ ಬಹುಲಕವೂ ಸೊನ್ನೆಯೇ. ರಾಗಿ ಹೊಲಕ್ಕೆ ದಿನವೂ 5 ಮಿ.ಮೀ. ಬಿತ್ತೇ ಎಂದು ಕೇಳಿ ನೋಡಿ. ಬೇಸಾಯದ ಮನೆಯ ಮಕ್ಕಳು ಇಲ್ಲವೆಂದು ತಡೆಯದೆ ಹೇಳುತ್ತಾರೆ, ಮಧ್ಯಾಂಕದ ಪಾಠವನ್ನು ಅಲ್ಲಿಂದ ಎತ್ತಿಕೊಳ್ಳಬಹುದು.

ಎರಡು ಅಳತೆಗಳ ನಡುವಣ ಸಂಬಂಧವನ್ನು ತೋರಿಸಲು ನಿಮ್ಮ ಜಿಲ್ಲೆಯ ಕೃಷ್ಣರಾಜಸಾಗರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಗರಿಷ್ಠ ಮಟ್ಟ 124.80 ಅಡಿ ಇರುವ ಈ ಜಲಾಶಯದ ನೀರಿನ ಮಟ್ಟವನ್ನು ಪತ್ರಿಕೆಗಳಿಂದ ಪಡೆದು, ನಿಮ್ಮ ಡಬ್ಬಿಯ ಮಳೆಯ ಜೊತೆಗೆ ಒಂದೇ ನಕ್ಷೆಯಲ್ಲಿ ಗುರುತಿಸಿ. ಜುಲೈಯಲ್ಲಿ ನಿಮ್ಮ ಅಂಗಳ ಒಣಗಿದ್ದರೂ ಕಟ್ಟೆಯ ನೀರು ಏರುವುದುಂಟು. ಮಕ್ಕಳೇ ಕಾರಣ ಹುಡುಕಲಿ, ನೀವು ಮುಂಚಿತವಾಗಿ ಹೇಳಬೇಡಿ. ಕೊಡಗಿನ ಭಾಗಮಂಡಲದ ಮಳೆಯನ್ನೂ ಅದೇ ಹಾಳೆಯಲ್ಲಿ ಗುರುತಿಸಿದಾಗ, ಅಲ್ಲಿ ಮಳೆ ಜೋರಾದ ಬಳಿಕ ಇಲ್ಲಿ ಮಟ್ಟ ಏರುವುದು ಅವರ ಕಣ್ಣಿಗೇ ಬೀಳುತ್ತದೆ. ಹಾರಂಗಿ, ಹೇಮಾವತಿ ಜಲಾಶಯಗಳಿಂದ ಬಿಡುವ ನೀರು, ನಾಲೆಗೆ ಹರಿಸುವ ನೀರು ಈ ಲೆಕ್ಕವನ್ನು ಕದಡುತ್ತವೆಂಬುದನ್ನೂ ಆಗ ಚರ್ಚಿಸಬಹುದು.

ಒಂದು ವರ್ಷದ ಅಂಕಿಗಳಿಂದ ಹವಾಗುಣ ಬದಲಾಗಿದೆಯೆಂದು ಮಕ್ಕಳು ತೀರ್ಮಾನಿಸದಂತೆ ನೋಡಿಕೊಳ್ಳಿ. ವಾಡಿಕೆಯ ಮಳೆಯನ್ನು ಲೆಕ್ಕ ಹಾಕಲು ಕನಿಷ್ಠ 30 ವರ್ಷಗಳ ದಾಖಲೆಯನ್ನು ಆಧಾರವಾಗಿಟ್ಟುಕೊಳ್ಳುವುದು ರೂಢಿ.

ಇನ್ನೊಂದು ಮಾತು: ರಜೆಯ ದಿನ ಯಾರೂ ಅಳೆಯದಿದ್ದರೆ ಕೋಷ್ಟಕದಲ್ಲಿ ಆ ದಿನದ ಮನೆಯಲ್ಲಿ ಸೊನ್ನೆ ಬರೆಯಲು ಬಿಡಬೇಡಿ. ಸೊನ್ನೆಯೆಂದರೆ ಮಳೆ ಬರಲಿಲ್ಲವೆಂದು, ಖಾಲಿ ಮನೆಯೆಂದರೆ ಅಳೆಯಲಿಲ್ಲವೆಂದು ಪುಸ್ತಕದ ಮೊದಲ ಪುಟದಲ್ಲೇ ಬರೆಸಿಡಿ.