ಜಿಂಕೆಯೋ ಹುಲ್ಲೆಯೋ? ಕೋಡು ನೋಡಿ

ಪ್ರಶ್ನೆ: ಟಿವಿಯಲ್ಲಿ ಚೀತಾ ಬೆನ್ನಟ್ಟುವ ಗಜೆಲ್‌ಗೂ ಜಿಂಕೆ ಎನ್ನುತ್ತಾರೆ. ಎರಡೂ ಒಂದೇ ಪ್ರಾಣಿಯೇ? ಗುರುತಿಸುವುದು ಹೇಗೆ?

ಉತ್ತರ: ಖಂಡಿತ ಒಂದೇ ಅಲ್ಲ. ಗಜೆಲ್ ಒಂದು ಬಗೆಯ ಹುಲ್ಲೆ. ದನ, ಆಡು, ಕುರಿಗಳ ಕುಟುಂಬದ್ದು. ಜಿಂಕೆಯ ಕುಟುಂಬವೇ ಬೇರೆ. ಸಹರಾದ ದಕ್ಷಿಣಕ್ಕೆ ಆಫ್ರಿಕದಲ್ಲಿ ನೆಲಮೂಲದ ಜಿಂಕೆಗಳೇ ಇಲ್ಲ. ಹಾಗಾಗಿ ಸೆರೆಂಗೆಟಿ ಬಯಲಲ್ಲಿ ಚೀತಾದ ಮುಂದೆ ಓಡುತ್ತಿರುವುದು ಜಿಂಕೆಯಾಗಿರಲು ಸಾಧ್ಯವಿಲ್ಲ.

ಮೈಬಣ್ಣ, ಗಾತ್ರ ಬಿಟ್ಟು ಕೋಡು ನೋಡಿ. ಚುಕ್ಕೆ ಜಿಂಕೆ, ಕಡವೆಗಳ ಕೋಡು ಪೂರ್ತಿ ಮೂಳೆ. ಅದು ಕವಲೊಡೆಯುತ್ತದೆ, ಉದುರುತ್ತದೆ, ಮತ್ತೆ ಹುಟ್ಟುತ್ತದೆ. ಬೆಳೆಯುವಾಗ ಅದರ ಮೇಲೆ ರಕ್ತನಾಳ ತುಂಬಿದ, ಮಖಮಲ್ಲಿನಂಥ ಚರ್ಮವಿರುತ್ತದೆ. ಬೆಳೆದು ಮುಗಿದ ಮೇಲೆ ಆ ಚರ್ಮ ಒಣಗುತ್ತದೆ. ಗಂಡು ಅದನ್ನು ಮರಕ್ಕೆ ಉಜ್ಜಿ ಕಿತ್ತುಹಾಕುತ್ತದೆ. ಗಜೆಲ್‌ನ ಕೋಡು ಹಸುವಿನ ಕೊಂಬಿನಂತೆ: ಒಳಗೆ ಮೂಳೆಯ ತಿರುಳು, ಹೊರಗೆ ನಮ್ಮ ಉಗುರಿನದೇ ವಸ್ತುವಿನ ಒರೆ. ಕವಲಿಲ್ಲ, ಉದುರುವುದೂ ಇಲ್ಲ. ಬುಡದಲ್ಲೇ ಬೆಳೆಯುವುದರಿಂದ ಮುರಿದ ತುದಿ ಮತ್ತೆ ಬರುವುದಿಲ್ಲ.

ಎಡವುವುದು ಎಲ್ಲಿ? ಎಳೆಯ ಗಂಡು ಜಿಂಕೆಯ ಮೊದಲ ಕೋಡಿಗೆ ಕವಲಿರುವುದಿಲ್ಲ, ಗೂಟದಂತೆ ನೆಟ್ಟಗಿರುತ್ತದೆ. ಆಗ ಉಂಗುರ ಹುಡುಕಿ. ಗಜೆಲ್ ಗಂಡಿನ ಕೋಡಿನಲ್ಲಿ ಅವು ಎದ್ದು ಕಾಣುತ್ತವೆ. ಕೋಡು ಉದುರಿಸಿದ ಗಂಡು ಹೆಣ್ಣಿನಂತೆಯೇ ಕಾಣುವುದರಿಂದ ಒಂದನ್ನೇ ನೋಡಿ ತೀರ್ಮಾನಿಸಬೇಡಿ, ಇಡೀ ಹಿಂಡು ನೋಡಿ. ಹೆಸರನ್ನಂತೂ ನಂಬಲೇಬೇಡಿ: ನಮ್ಮ ಕಾಡುಕುರಿ ಜಿಂಕೆ, ಕೊಂಡುಕುರಿ ಹುಲ್ಲೆ!

ಪ್ರಶ್ನೆ: ಕರ್ನಾಟಕದಲ್ಲಿ ಗಜೆಲ್ ಇದೆಯೇ? ಕೃಷ್ಣಮೃಗವೇ ಅದು?

ಉತ್ತರ: ಇದೆ, ಅದು ಚಿಂಕಾರ. ಭುಜದವರೆಗೆ ಸುಮಾರು 65 ಸೆಂ.ಮೀ. ಎತ್ತರ, 23 ಕಿಲೋ ಆಸುಪಾಸಿನ ತೂಕ. ಗಂಡಿನ ಕೋಡು 25–30 ಸೆಂ.ಮೀ.; ಹೆಣ್ಣಿಗೂ ಸಣ್ಣ, ತೆಳ್ಳನೆಯ ಕೋಡಿರುತ್ತದೆ. ಚುಕ್ಕೆ ಜಿಂಕೆಗೆ ನೀರು ಹತ್ತಿರವಿರಬೇಕು. ಚಿಂಕಾರ ಎಲೆ, ಇಬ್ಬನಿಗಳ ತೇವದಲ್ಲೇ ಬಹುದಿನ ಬದುಕಬಲ್ಲದು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲೂ ಶಿರಾ ಕಡೆಯ ಬುಕ್ಕಾಪಟ್ಟಣದಲ್ಲೂ ಅದಕ್ಕೆಂದೇ ವನ್ಯಧಾಮಗಳಿವೆ. ಇಂಥ ಕುರುಚಲು ನೆಲವನ್ನು ಬರಡು ಎಂದು ಬರೆದುಬಿಡುವುದು ದೊಡ್ಡ ತಪ್ಪು, ಚಿಂಕಾರದ ಮನೆಯೇ ಅದು.

ರಾಣೆಬೆನ್ನೂರಿನ ಕೃಷ್ಣಮೃಗ ಗಜೆಲ್ ಅಲ್ಲ, ಅದರ ಹತ್ತಿರದ ನೆಂಟ. ಗಂಡಿನ ಕೋಡು ತಿರುಪಿನಂತೆ ಸುತ್ತಿಕೊಂಡಿರುತ್ತದೆ. ಹೆಣ್ಣಿಗೆ ಸಾಮಾನ್ಯವಾಗಿ ಕೋಡಿಲ್ಲ.

ಪ್ರಶ್ನೆ: ಜಿಂಕೆಯ ಕೋಡಿನ ಕವಲು ಎಣಿಸಿದರೆ ವಯಸ್ಸು ತಿಳಿಯುತ್ತದೆಯೇ? ಕಾಡಿನಲ್ಲಿ ಬಿದ್ದದ್ದನ್ನು ತರಬಹುದೇ?

ಉತ್ತರ: ತಿಳಿಯುವುದಿಲ್ಲ. ಬೆಳೆದ ಚುಕ್ಕೆ ಜಿಂಕೆಗೆ ಸಾಮಾನ್ಯವಾಗಿ ಕೋಡಿಗೆ ಮೂರು ಮೊನೆ, ವಯಸ್ಸು ಎಷ್ಟೇ ಆದರೂ ಅಷ್ಟೇ. ಬಿದ್ದ ಕೋಡನ್ನು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದು ಅಲ್ಲೇ ಇರಲಿ. ಮುಳ್ಳುಹಂದಿಗಳೂ ಜಿಂಕೆಗಳೂ ಸುಣ್ಣದ ಅಂಶಕ್ಕಾಗಿ ಅದನ್ನು ಕಡಿದು ತಿನ್ನುತ್ತವೆ.