ಸಂಸತ್ತನ್ನು ಕೇಳದೆ ಪ್ರಧಾನಿ ಬೇರೆ ದೇಶದ ಜೊತೆ ಒಪ್ಪಂದ ಮಾಡಿಕೊಳ್ಳಬಹುದೇ?

ಧಾರಾಳವಾಗಿ. ಅಮೆರಿಕದ ಸೆನೆಟ್ ಹಾಗೆ ನಮ್ಮಲ್ಲೂ ಒಪ್ಪಿಗೆ ಬೇಕಲ್ವಾ ಎಂದು ಕೇಳಿದ್ದೀರಿ. ಅಲ್ಲಿ ಮೂರನೇ ಎರಡರಷ್ಟು ಮತ ಬೇಕು, ನಿಜ. ನಮ್ಮ ಸಂವಿಧಾನದಲ್ಲಿ ಅಂಥ ನಿಯಮವೇ ಇಲ್ಲ. ಒಪ್ಪಂದದ ವಿಷಯ ಕೇಂದ್ರ ಪಟ್ಟಿಯಲ್ಲಿದೆ, ಅಂದರೆ ಸಂಸತ್ತು ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿ. 73ನೇ ವಿಧಿಯ ಪ್ರಕಾರ ಆ ಪಟ್ಟಿಯ ವಿಷಯಗಳಲ್ಲಿ ಕೇಂದ್ರ ಸರ್ಕಾರಕ್ಕೂ ಅಧಿಕಾರ ಉಂಟು. ಸಂಪುಟ ಹೂಂ ಅಂದರೆ ಸಹಿ ಬೀಳುತ್ತದೆ.

ತಕರಾರು ಶುರುವಾಗುವುದು ಅದನ್ನು ಜಾರಿ ಮಾಡಲು ಹೊರಟಾಗ. ಬೇರುಬಾರಿ ಪ್ರಕರಣ ನೋಡಿ. ಬೇರುಬಾರಿ ಎಂಬ ಪ್ರದೇಶ ಪಶ್ಚಿಮ ಬಂಗಾಳದ ಜಲ್ಪಾಯ್‌ಗುರಿ ಜಿಲ್ಲೆಯಲ್ಲಿದೆ. ಅದನ್ನು ಅರ್ಧರ್ಧ ಹಂಚಿಕೊಳ್ಳೋಣ ಎಂದು 1958ರಲ್ಲಿ ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಒಪ್ಪಿಕೊಂಡರು. ಬಂಗಾಳದಲ್ಲಿ ವಿರೋಧ ಎದ್ದಿತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಇದು ಸುಮ್ನೆ ಗಡಿ ಗುರುತಿಸುವ ಕೆಲಸ ಅಷ್ಟೇ ಎಂದು ಸರ್ಕಾರ ವಾದಿಸಿತು. ಕೋರ್ಟ್ ಒಪ್ಪಲಿಲ್ಲ. ದೇಶದ ನೆಲ ಬಿಟ್ಟುಕೊಡಲು ಸಹಿ ಸಾಲದು, ಮಾಮೂಲಿ ಕಾನೂನೂ ಸಾಲದು, ಸಂವಿಧಾನಕ್ಕೇ ತಿದ್ದುಪಡಿ ಆಗಬೇಕು ಎಂದಿತು. ಅದರಂತೆ 1960ರಲ್ಲಿ 9ನೇ ತಿದ್ದುಪಡಿ ಬಂತು. ತಮಾಷೆ ಅಂದರೆ, ಇಷ್ಟೆಲ್ಲ ಆದರೂ ಬೇರುಬಾರಿ ಆಚೆ ಹೋಗಲೇ ಇಲ್ಲ. 1974ರಲ್ಲಿ ಬಾಂಗ್ಲಾದೇಶದ ಜೊತೆ ಆದ ಒಪ್ಪಂದದಲ್ಲಿ ನಮ್ಮಲ್ಲೇ ಉಳಿಯಿತು. ಆ ಒಪ್ಪಂದಕ್ಕೂ 2015ರಲ್ಲಿ 100ನೇ ತಿದ್ದುಪಡಿ ಮಾಡಬೇಕಾಯಿತು.

ಆದರೆ ಪಾಕಿಸ್ತಾನದ ಜೊತೆ ಗಡಿ ತಕರಾರಿದ್ದ ಗುಜರಾತಿನ ಕಛ್ ರಣ್ ವಿಷಯದಲ್ಲಿ 1969ರಲ್ಲಿ ಇದೇ ಕೋರ್ಟ್, ಅಲ್ಲಿ ಆಗಿದ್ದು ಗಡಿ ಗುರುತಿಸುವುದಷ್ಟೇ, ತಿದ್ದುಪಡಿ ಬೇಡ ಎಂದಿತು. ಎರಡಕ್ಕೂ ನಡುವಿನ ಗೆರೆ ತೀರಾ ತೆಳು ಅಂತ ನನಗನಿಸುತ್ತದೆ.

ಇನ್ನು ಒಪ್ಪಂದಕ್ಕಾಗಿ ಕಾನೂನು ಬದಲಾಗಬೇಕು ಅಂದರೆ ಸಂಸತ್ತಿಗೆ ಬರಲೇಬೇಕು. 1994ರಲ್ಲಿ ಸರ್ಕಾರ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿತು. ಪೇಟೆಂಟ್ ಕಾನೂನು ಬದಲಿಸಲು ಡಿಸೆಂಬರ್ 31ರಂದು ಸುಗ್ರೀವಾಜ್ಞೆ ತಂದಿತು. ಮಸೂದೆ ಪಾಸಾಗಲಿಲ್ಲ, ಸುಗ್ರೀವಾಜ್ಞೆಯ ಅವಧಿಯೂ ಮುಗಿಯಿತು. ಅಮೆರಿಕ ಆ ಸಂಸ್ಥೆಗೆ ದೂರು ಕೊಟ್ಟಿತು, 1997ರಲ್ಲಿ ಭಾರತ ಸೋತಿತು. ಕಡೆಗೆ ಕಾನೂನು ಬದಲಾಗಿದ್ದು 1999ರಲ್ಲಿ.

ರಾಜ್ಯಗಳ ಪಾಡು ಇನ್ನೂ ಕಷ್ಟ. ಡಂಕೆಲ್ ಪ್ರಸ್ತಾವದ (ಇದೇ ವ್ಯಾಪಾರ ಒಪ್ಪಂದದ ಕರಡು) ವಿರುದ್ಧ ನಮ್ಮ ರೈತ ಸಂಘ ಬೀದಿಗಿಳಿದದ್ದು ಹಿರಿಯರಿಗೆ ನೆನಪಿರಬಹುದು. ಕೃಷಿ ರಾಜ್ಯದ ವಿಷಯ. ಆದರೂ ಒಪ್ಪಂದ ಜಾರಿಗೆ ಅಂತ 253ನೇ ವಿಧಿಯಡಿ ಸಂಸತ್ತು ಅದರ ಮೇಲೂ ಕಾನೂನು ಮಾಡಬಹುದು. ವಿಧಾನಸಭೆಯನ್ನು ಕೇಳಲೇಬೇಕು ಅಂತೇನಿಲ್ಲ.